ದಾಟಿಸಿದ ಖಣ

ನಿನ್ನೆ ಬೆಳಿಗ್ಗೆ ನನ್ನ ಬಲಗೈ ಒಂದು ಹಸಿರು ಕುಪ್ಪಸದ ತೋಳಿನಲ್ಲಿ ಸಿಕ್ಕಿಬಿತ್ತು. ಮೊಣಕೈಯವರೆಗೆ ಸಲೀಸಾಗಿ ಹೋಗಿತ್ತು. ಅಲ್ಲಿಂದ ಮೇಲಕ್ಕೆ ಏರಲೊಲ್ಲದು, ಕೆಳಕ್ಕೆ ಇಳಿಯಲೊಲ್ಲದು. ನುಸಿಗುಳಿಗೆಯ ವಾಸನೆ ಮೂಗಿಗೆ ಅಡರುತ್ತಿತ್ತು. ಬಸ್ಸಿಗೆ ಕೈಮಾಡುವವರ ಹಾಗೆ ತೋಳೆತ್ತಿಕೊಂಡು ಕನ್ನಡಿಯ ಮುಂದೆ ನಿಂತೇ ಇದ್ದೆ. ನಮ್ಮವರು ಬಾಗಿಲಲ್ಲಿ ಇಣುಕಿ, ಚಹಾದ ಕಪ್ಪು ಹಿಡಿದುಕೊಂಡೇ ಸ್ವಲ್ಪ ಹೊತ್ತು ನೋಡಿದರು. "ಎಷ್ಟ ಕೈ ಮಾಡಿದ್ರೂ ನಿಲ್ಲಂಗಿಲ್ಲ ಬಿಡು. ಗಾಡಿ ಫುಲ್ ಆಗೇತಿ," ಎಂದು ಹೇಳಿ ಪೇಪರು ಓದಲು ಹೋದರು.

ಈ ಸಾಹಸಕ್ಕೆ ಕಾರಣ ಮೊನ್ನೆ ಬಂದ ರೂತಕ್ಕನ ಫೋನು. ಮೊದಲು ಮೊಣಕಾಲು ನೋವು, ಆಮೇಲೆ ಆಪರೇಷನ್ನು ಎಂದು ಎರಡು ವರ್ಷ ಆಕೆಯ ಮನೆಯ ಕ್ರಿಸ್‌ಮಸ್ ಊಟ ನಿಂತುಹೋಗಿತ್ತು. "ಈ ಸಲ ಎಲ್ಲಾರೂ ಬರ್ರಿ. ಕೋಲು ಹಿಡಕೊಂಡರ ಏನಾತು, ಕೈ ಬರೋಬರ್ ಅದಾವಲ್ಲ, ನಾನೇ ಅಡಿಗಿ ಮಾಡತೇನಿ. ಮತ್ತ ನೀ ಆ ಹಸರ ಜಂಪರ್ ಹಾಕ್ಕೊಂಡು ಬಾ. ಐತಿಲ್ಲೋ?" ಎಂದು ಕೇಳಿದಳು. ಆ 'ಐತಿಲ್ಲೋ' ಎನ್ನುವ ಪ್ರಶ್ನೆಗೆ ಒಂದು ಚರಿತ್ರೆ ಇದೆ. ಕೂತುಕೊಳ್ಳಿ, ಹೇಳುತ್ತೇನೆ. ತೋಳು ಹೇಗೋ ಬಿಡಿಸಿಕೊಂಡಿದ್ದೇನೆ.

ನಾವು ಬಾಗಲಕೋಟೆಯ ಕಡೆಯವರು. ನಮ್ಮವರಿಗೆ ಇಲ್ಲಿ ಸಿವಿಲ್ ಲೈನ್ಸಿನ ಒಂದು ಕಚೇರಿಯಲ್ಲಿ ಕೆಲಸವಾಗಿ ನಾಗಪುರಕ್ಕೆ ಬಂದಾಗ ಸರ್ಕಾರಿ ಕ್ವಾರ್ಟರ್ಸಿನ ಎರಡನೆಯ ಮಹಡಿ ಸಿಕ್ಕಿತು. ಸುತ್ತ ಎಲ್ಲ ಮರಾಠಿ, ಹಿಂದಿ. ಅದರಲ್ಲಿ ನನಗೆ ಕಂಡ ಒಂದೇ ಅನುಕೂಲವೆಂದರೆ, ಬಾಲ್ಕನಿಯಲ್ಲಿ ನಿಂತು ಮಗಳನ್ನು ಬಾಯ್ತುಂಬ ಕನ್ನಡದಲ್ಲಿ ಬಯ್ಯಬಹುದು, ಯಾರಿಗೂ ತಿಳಿಯುವುದಿಲ್ಲ ಎಂಬುದು. ಹಾಗೊಂದು ದಿನ ಬಯ್ಗುಳ ಜೋರಾಗಿ ಸಾಗಿದ್ದಾಗ ಕೆಳಗಿನಿಂದ ಒಂದು ದನಿ ಬಂತು: "ಸಾಕು ಬಿಡವಾ, ಸಣ್ಣ ಕೂಸೈತಿ. ನಮ್ಮವ್ವನೂ ಇಷ್ಟು ಬೈತಿರಲಿಲ್ಲ!" ನಾನು ಬಗ್ಗಿ ನೋಡಿದೆ. ಬಿಳಿ ಸೀರೆಯ ನರ್ಸ್ ಒಬ್ಬಳು ಸೈಕಲ್ಲು ನಿಲ್ಲಿಸಿ ಮೇಲೆ ನೋಡುತ್ತಿದ್ದಳು. ಅವಳೇ ರೂತಕ್ಕ, ನಮ್ಮ ಕೆಳಗಿನ ಮನೆಯಾಕೆ. ಗುಳೇದಗುಡ್ಡದ ನೇಕಾರರ ಮನೆಯ ಕ್ರಿಶ್ಚಿಯನ್ ಹೆಣ್ಣುಮಗಳು. ಊರಲ್ಲೇ ಇದ್ದಿದ್ದರೆ ನಮ್ಮಿಬ್ಬರ ಮನೆಗಳ ನಡುವೆ ಒಂದು ತಾಸಿನ ದಾರಿ ಇರುತ್ತಿತ್ತು; ನಾಗಪುರದಲ್ಲಿ ಹನ್ನೆರಡು ಮೆಟ್ಟಿಲು ಇದ್ದವು.

ಆ ಮೆಟ್ಟಿಲು ಹತ್ತಿ ಪ್ರತಿ ಡಿಸೆಂಬರಿನಲ್ಲಿ ರೂತಕ್ಕನ ಪ್ರೆಸೆಂಟುಗಳು ಬರುತ್ತಿದ್ದವು. ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಬಿಳಿ ಮಗ್ಗುಲು ಮೇಲೆ ಬರುವಂತೆ ಸುತ್ತಿ, ಬೀಟ್‌ರೂಟಿನ ನೀರಿನಲ್ಲಿ ಅದ್ದಿದ ಬ್ಯಾಂಡೇಜ್ ಪಟ್ಟಿಯಿಂದ ಕಟ್ಟಿರುತ್ತಿದ್ದಳು. ಒಳಗಿರುವುದು ದೊಡ್ಡದೇನಲ್ಲ. ನಮ್ಮವರ ಕನ್ನಡಕ ಬಗ್ಗಿದಾಗೆಲ್ಲ ಬೀಳುತ್ತಿತ್ತು. ಅದಕ್ಕೊಂದು ಹೆಣೆದ ದಾರ. ಮಗಳ ನೀರಿನ ಬಾಟಲಿ ಸೋರಿ ಪಟ್ಟಿಪುಸ್ತಕಗಳು ತೊಯ್ಯುತ್ತಿದ್ದವು. ಆಕೆಯ ಪಾಟೀಚೀಲಕ್ಕೆ ಹೊರಗಿನಿಂದ ಸಿಕ್ಕಿಸುವ ಒಂದು ರೆಕ್ಸಿನ್ ಜೇಬು. ನಾನು ಬಿಸಿ ತವೆಯ ಹಿಡಿಕೆ ಹಿಡಿದು ಸೆರಗು ಸುಟ್ಟುಕೊಂಡದ್ದನ್ನು ಜೂನ್ ತಿಂಗಳಲ್ಲಿ ಒಮ್ಮೆ ನೋಡಿದ್ದಳು. ಡಿಸೆಂಬರಿನಲ್ಲಿ ದಪ್ಪ ಬಟ್ಟೆಯ ಎರಡು ಹಿಡಿಗವಸು ಬಂದವು. ವರ್ಷವೆಲ್ಲ ನಮ್ಮನ್ನು ರೋಗಿಗಳ ಚಾರ್ಟಿನ ಹಾಗೆ ಓದಿ, ಕೊನೆಯಲ್ಲಿ ಔಷಧ ಬರೆದುಕೊಡುವಳು ಎಂದು ನಮ್ಮವರು ನಗುತ್ತಿದ್ದರು.

ನನ್ನ ಪದ್ಧತಿ ಬೇರೆ. ನಮ್ಮ ಮನೆಯಲ್ಲಿ ಒಂದು ಟ್ರಂಕು ಇದೆ, ನಿಮ್ಮ ಮನೆಯಲ್ಲೂ ಇರುತ್ತದೆ, ಸುಳ್ಳು ಹೇಳಬೇಡಿ. ಉಡಿ ತುಂಬಿದಾಗ ಬಂದ ಕುಪ್ಪಸದ ಖಣ, ಅರಿಶಿನ-ಕುಂಕುಮಕ್ಕೆ ಹೋದಾಗ ಬಂದ ಖಣ, ಮದುವೆ ಮುಂಜಿಗಳ ಖಣ ಎಲ್ಲ ಅದರೊಳಗೆ ಇಳಿಯುತ್ತವೆ. ಯಾರೂ ಅವನ್ನು ಹೊಲಿಸುವುದಿಲ್ಲ. ಇನ್ನೊಬ್ಬರ ಉಡಿ ತುಂಬುವ ದಿನ ಟ್ರಂಕು ತೆರೆದು, ಇದ್ದುದರಲ್ಲಿ ನಮಗೆ ಬೇಡವಾದದ್ದನ್ನು ದಾಟಿಸುತ್ತೇವೆ. ಅವರೂ ಮುಂದಕ್ಕೆ ದಾಟಿಸುತ್ತಾರೆ. ಒಂದೊಂದು ಖಣ ತನ್ನ ಜನ್ಮದಲ್ಲಿ ಸೂಜಿಯ ಮುಖ ನೋಡದೆ ನಮಗಿಂತ ಹೆಚ್ಚು ಊರು ತಿರುಗಿರುತ್ತದೆ. ಒಂದು ಸಲ ನಾನು ಕೊಟ್ಟ ಕೇಸರಿ ಖಣ ಮೂರು ವರ್ಷದ ಮೇಲೆ, ನಾನೇ ಬೀಳಿಸಿದ ಎಣ್ಣೆಯ ಕಲೆಯ ಸಮೇತ ನನ್ನ ಉಡಿಗೇ ಬಂದಿತ್ತು. ನಾನು ಬಹಳ ಸಂತೋಷ ತೋರಿಸಿದೆ.

ಒಂದು ವರ್ಷ ರೂತಕ್ಕನ ಪೊಟ್ಟಣದಲ್ಲಿ ಬಂದದ್ದು ಒಂದು ಹಸಿರು ಖಣ. ಗುಳೇದಗುಡ್ಡದ್ದು, ಕೆಂಪು ಅಂಚಿನದು, ಮೈತುಂಬ ಆನೆ ಹೆಜ್ಜೆಯ ಬುಟ್ಟಾ. ಒಂದು ಮೂಲೆಯಲ್ಲಿ ಕೆಂಪು ನೂಲಿನ ಮೂರು ಹೊಲಿಗೆ ಇದ್ದವು. 'ಛಲೋ ಐತಿ' ಎಂದೆ. ಬಟ್ಟೆ ಕಂಡೊಡನೆ ಕೈಗೆ ಬಿದ್ದ ರೂಢಿಯಂತೆ ಟ್ರಂಕಿಗೆ ಇಳಿಸಿದೆ. ಮುಂದೆ ಹದಿನೈದು ಇಪ್ಪತ್ತು ದಿನಕ್ಕೆ ಸಂಕ್ರಾಂತಿ ಬಂತು. ನಾಗಪುರದಲ್ಲಿ ಸಂಕ್ರಾಂತಿಯ ಅರಿಶಿನ-ಕುಂಕುಮ ಎಂದರೆ ಸಾಧಾರಣವಲ್ಲ, ದಿನಕ್ಕೆ ನಾಲ್ಕು ಮನೆ. ಅವಸರದಲ್ಲಿ ಮೇಲೆ ಸಿಕ್ಕ ಖಣವನ್ನು ತೆಗೆದು ಪಕ್ಕದ ಬ್ಲಾಕಿನ ವಿಮಲಾವಹಿನಿಗೆ ಎಳ್ಳುಬೆಲ್ಲದ ಜೊತೆ ಕೊಟ್ಟೆ. ಮೇಲೆ ಸಿಕ್ಕದ್ದು ಹಸಿರೇ.

ಮತ್ತೆ ನವೆಂಬರ್ ಬಂತು. ಒಂದು ಸಂಜೆ ರೂತಕ್ಕ ನಮ್ಮ ಬಾಲ್ಕನಿಯಲ್ಲಿ ಕಿತ್ತಳೆ ಸುಲಿಯುತ್ತ ಕೂತಿದ್ದಳು. "ಅವ್ವನ ಕಣ್ಣು ಪೂರಾ ಹೋದುವವಾ. ಮಗ್ಗ ಬಿಚ್ಚಿಟ್ಟಾರ. ಮಗ್ಗದ ಕಡೀ ಹಾಸಿನ್ಯಾಗ ನನಗಂತ ಎರಡು ಖಣ ನೇದು ಕಳಿಸಿದ್ಲು, ಒಂದು ನಾ ಇಟಗೊಂಡೆ, ಒಂದು ನಿನಗ ಕೊಟ್ಟೆ. ಮೂಲಿಗೆ ಮೂರು ಕೆಂಪ ಹೊಲಿಗಿ ಅದಾವ ನೋಡು, ಅದು ಆಕಿ ಸಹಿ. ಓದಾಕ ಬರಿಯಾಕ ಬರತಿದ್ದಿಲ್ಲಲ್ಲ. ಈ ಕ್ರಿಸ್‌ಮಸ್ಸಿಗೆ ಇಬ್ರೂ ಹೊಲಿಸಿ ಹಾಕ್ಕೊಳ್ಳೂಣು. ಐತಿಲ್ಲೋ ಅದು?"

ಆಗಲೇ ಹೇಳಿಬಿಡಬೇಕಾಗಿತ್ತು. "ಐತಿ, ಐತಿ. ಟ್ರಂಕಿನ್ಯಾಗ ಐತಿ," ಎಂದೆ. ಕುಂಬಳಕಾಯಿ ಕಳ್ಳಿಯ ಹಾಗೆ ಹೆಗಲು ಮುಟ್ಟಿಕೊಳ್ಳುವುದೊಂದು ಬಾಕಿ. ಕುರುಡಾಗುತ್ತಿದ್ದ ಮುದುಕಿಯೊಬ್ಬಳು ಮಗಳಿಗೆಂದು ನೇಯ್ದದ್ದರಲ್ಲಿ ಅರ್ಧ ಪಾಲು ನನ್ನದಾಗಿತ್ತು. ಅದನ್ನು ನಾನು ಎಳ್ಳುಬೆಲ್ಲದ ಜೊತೆ ಸಾಗಹಾಕಿದ್ದೆ. ಅಷ್ಟು ನಾಚಿಕೆ ನನಗೆ ಅದಕ್ಕೆ ಮೊದಲು ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಮರುದಿನವೇ ಹುಡುಕಾಟಕ್ಕೆ ಹೊರಟೆ. ಕೊಟ್ಟ ಖಣವನ್ನು ವಾಪಸು ಕೇಳುವುದು ಎಂಥ ಮರ್ಯಾದೆಗೇಡು ಎಂದು ನಿಮಗೆ ಗೊತ್ತು. ವಿಮಲಾವಹಿನಿಯ ಮನೆಯಲ್ಲಿ ಎರಡು ಸಲ ಚಹಾ ಕುಡಿದ ಮೇಲೆ ಬಾಯಿ ಬಂತು. ಆಕೆ ನನಗಿಂತ ಹೆಚ್ಚು ನಾಚಿಕೊಂಡಳು, ಏಕೆಂದರೆ ಆಕೆಯೂ ಅದನ್ನು ದಾಟಿಸಿದ್ದಳು, ಖಾಪರಖೇಡಾದಲ್ಲಿದ್ದ ತನ್ನ ತಂಗಿಗೆ. ತಂಗಿಯ ಗಂಡ ಅಲ್ಲಿಯ ವಿದ್ಯುತ್ ಸ್ಥಾವರದಲ್ಲಿ ಕೆಲಸಕ್ಕಿದ್ದ. ಇಬ್ಬರಿಗೂ ಬಿಡುವಾಗಿ ಅಲ್ಲಿಗೆ ಹೊರಡುವ ಹೊತ್ತಿಗೆ ಡಿಸೆಂಬರಿನ ಮೊದಲ ವಾರ ಬಂದಿತ್ತು. ನಮ್ಮವರು ಬಸ್‌ಸ್ಟಾಪಿನವರೆಗೆ ಸ್ಕೂಟರಿನಲ್ಲಿ ಬಿಟ್ಟು, "ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನು? ಸಿಗತೈತಿ, ಹೋಗು," ಎಂದು ಧೈರ್ಯ ಹೇಳಿದರು.

ಅಲ್ಲಿ ಆ ತಂಗಿ ಕಪಾಟು ತೆರೆಯಲೇ ಇಲ್ಲ. ಆಕೆಯ ಅತ್ತೆಗೆ ನಾಗಪುರದ ಆಸ್ಪತ್ರೆಯಲ್ಲಿ ಹೊಟ್ಟೆಯ ಆಪರೇಷನ್ ಆಗಿತ್ತಂತೆ. ವಾರ್ಡಿನ ಒಬ್ಬ ನರ್ಸ್ ತಾಯಿಯ ಹಾಗೆ ನೋಡಿಕೊಂಡಳಂತೆ. ಎಂಟು ದಿನದ ಹಿಂದೆ ಮನೆಗೆ ಕಳಿಸುವಾಗ ಅತ್ತೆ ಹಟ ಹಿಡಿದು ಆ ನರ್ಸಿಗೆ ತೆಂಗಿನಕಾಯಿ, ಖಣ ಕೊಡಿಸಿದಳಂತೆ. "ಖಣ ನೋಡಿ ಆ ಸಿಸ್ಟರ್ ಅದರ ಮೂಲೆ ಹಿಡಿದು ನೋಡಿದರು, ಎಲ್ಲಿ ಸಿಕ್ಕಿತು ಎಂದು ಕೇಳಿದರು. ಅಕ್ಕ ಕೊಟ್ಟಳು, ಅವಳ ಕಾಲೋನಿಯವರು ಯಾರೋ ಕೊಟ್ಟಿದ್ದಂತೆ ಎಂದೆ," ಎಂದು ಆಕೆ ಮರಾಠಿಯಲ್ಲಿ ಹೇಳುತ್ತ ಹೋದಳು. "ನಿಮ್ಮ ಹಾಗೆಯೇ ಕಾನಡಿ ಸಿಸ್ಟರ್ ಅವರು."

ವಾಪಸು ಬರುವ ಬಸ್ಸಿನಲ್ಲಿ ನನಗೆ ಅದೊಂದೇ ಯೋಚನೆ. ಕಳೆದುಹೋಗಿದ್ದರೆ ಇನ್ನೊಂದು ಸುಳ್ಳು ಹೇಳಬಹುದಿತ್ತು. ಸಿಕ್ಕಿತ್ತು, ಅದೂ ಸಿಗಬಾರದವರ ಕೈಗೇ ಸಿಕ್ಕಿತ್ತು. ನಾನು ರೂತಕ್ಕನನ್ನು ಕಳೆದುಕೊಂಡೆ ಎಂದೇ ನನಗನಿಸಿತು.

ಮುಂದಿನ ದಿನಗಳಲ್ಲಿ ರೂತಕ್ಕ ಮೆಟ್ಟಿಲಲ್ಲಿ ಸಿಕ್ಕರೆ ಎಂದಿನಂತೆಯೇ ಮಾತಾಡಿಸುತ್ತಿದ್ದಳು. ನಾನೇ ಹಾಲು ಉಕ್ಕಿತು, ಕುಕ್ಕರ್ ಕೂಗಿತು ಎಂದು ಓಡುತ್ತಿದ್ದೆ. ಹೇಳಲು ಎಷ್ಟೋ ಸಲ ಆರು ಮೆಟ್ಟಿಲು ಇಳಿದು, ಆರು ಮೆಟ್ಟಿಲು ಹತ್ತಿ ಬಂದೆ. ಅದೇ ವಾರ ಒಣಹಾಕಿದ್ದ ನನ್ನ ಬಿಳಿ ಕುಪ್ಪಸವೊಂದು ತಂತಿಯಿಂದ ಮಾಯವಾಯಿತು. ಗಾಳಿಗೆ, ಕೋತಿಗೆ, ಪಕ್ಕದವರಿಗೆ ಬೈದೆ. ನಮ್ಮವರು, "ಹಳೇದು ಹೋತು, ಹೊಸಾದು ಬರತೈತಿ ಬಿಡು," ಎಂದು ಎಂದೂ ಇಲ್ಲದ ವೈರಾಗ್ಯ ತೋರಿಸಿದರು. ಆಗಲೇ ನನಗೆ ಸಂಶಯ ಬರಬೇಕಾಗಿತ್ತು.

ಕ್ರಿಸ್‌ಮಸ್ಸಿನ ದಿನ ಊಟಕ್ಕೆ ಹೋದೆವು, ಹೋಗದೆ ಇರಲು ನೆವ ಹೊಳೆಯಲಿಲ್ಲ. ರೂತಕ್ಕ ಹಸಿರು ಕುಪ್ಪಸ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ನಾನು ಚಪ್ಪಲಿ ಬಿಡುವ ಮೊದಲೇ, "ರೂತಕ್ಕ, ನಾ ಸುಳ್ಳು ಹೇಳಿದ್ದೆ," ಎಂದು ಅಳುವುದಕ್ಕೇ ಶುರುಮಾಡಿದೆ. ಮಗಳು ಹೆದರಿ ಅಪ್ಪನ ಕೈ ಹಿಡಿದುಕೊಂಡಳು.

"ಗೊತ್ತೈತಿ, ಒಳಗ ಬಾ ಮದಲ," ಎಂದಳು. ಕೂರಿಸಿ, ನೀರು ಕೊಟ್ಟು, ಬ್ಯಾಂಡೇಜ್ ಪಟ್ಟಿ ಕಟ್ಟಿದ ಪೊಟ್ಟಣವನ್ನು ತೊಡೆಯ ಮೇಲೆ ಇಟ್ಟಳು. ಬಿಚ್ಚಿದರೆ ಮೇಲೆ ಕಳೆದುಹೋದ ನನ್ನ ಬಿಳಿ ಕುಪ್ಪಸ, ಇಸ್ತ್ರಿ ಆಗಿತ್ತು. ಅದರ ಕೆಳಗೆ ಅದೇ ಅಳತೆಗೆ ಹೊಲಿದ ಹಸಿರು ಕುಪ್ಪಸ. ತಂತಿಯಿಂದ ಕದ್ದವರು ಯಾರೆಂದು ನಮ್ಮವರ ಮುಖ ನೋಡಿದಾಗ ತಿಳಿಯಿತು.

"ಒಂದು ದಿನ ಬಾಳ ಸಿಟ್ಟು ಬಂದಿತ್ತವಾ, ಖರೇ ಹೇಳತೇನಿ. ಮತ್ತ ಅನಿಸ್ತು, ನಂದೂ ತಪ್ಪೈತಿ. ಹೊಲಿಯದ ಇಟ್ಟ ಅರಬಿಗೆ ಕಾಲಿರತಾವ, ಅದು ಒಂದ ಮನ್ಯಾಗ ನಿಲ್ಲೂದಿಲ್ಲ. ಅದಕ್ಕ ಹೊಲದೇನಿ. ಇನ್ನ ದಾಟಿಸು ನೋಡೋಣು, ನಿನ್ನ ಮೈ ಯಾರಿಗೆ ಐತಿ!" ಎಂದು ನಕ್ಕಳು. ನಾನು ಮೂಲೆಯ ಮೂರು ಹೊಲಿಗೆಗಾಗಿ ಬಟ್ಟೆಯ ಮೇಲೆಲ್ಲ ಹುಡುಕಿದೆ, ಕಾಣಲಿಲ್ಲ. ಕತ್ತರಿಸುವಾಗ ಹೋಗಿರಬೇಕು ಎಂದುಕೊಂಡೆ. ನನ್ನ ಅಪರಾಧಕ್ಕೆ ಅಷ್ಟಾದರೂ ದಂಡ ಬೇಡವೇ ಎಂದುಕೊಂಡು ರೂತಕ್ಕನನ್ನು ಅದರ ಬಗ್ಗೆ ಕೇಳಲಿಲ್ಲ.

ಇದಾಗಿ ಹದಿನಾಲ್ಕು ವರ್ಷವಾಯಿತು. ರೂತಕ್ಕ ರಿಟೈರಾಗಿ ಸದರ್ ಕಡೆ ಸಣ್ಣ ಮನೆ ಮಾಡಿಕೊಂಡಿದ್ದಾಳೆ. ಆಕೆಯ ಅವ್ವ ಈಗಿಲ್ಲ. ನನ್ನ ಮೈ ಮಾತ್ರ ಮೊದಲಿಗಿಂತ ಹೆಚ್ಚಾಗಿದೆ. ನಿನ್ನೆ ತೋಳು ಬಿಡಿಸಿಕೊಂಡು, ಕುಪ್ಪಸ ಚೀಲಕ್ಕೆ ಹಾಕಿಕೊಂಡು, ಗಲ್ಲಿಯ ಮುದುಕ ಟೇಲರನ ಹತ್ತಿರ ಹೋದೆ. ಇದನ್ನು ಸಡಿಲಿಸಲು ಬೇರೆ ಬಟ್ಟೆ ಜೋಡಿಸಬೇಕಾದೀತು, ರೂತಕ್ಕನ ಕಣ್ಣಿಗೆ ಅದು ಬೀಳದೆ ಇರುವುದಿಲ್ಲ ಎಂದು ದಾರಿಯುದ್ದಕ್ಕೂ ಕೊರಗಿದೆ.

ಟೇಲರ್ ಕುಪ್ಪಸವನ್ನು ಒಳಮಗ್ಗುಲು ತಿರುವಿ, ಕನ್ನಡಕ ಏರಿಸಿ, "ವಹಿನೀ, ಹೇ ಬಘಾ," ಎಂದು ಒಳಹೊಲಿಗೆ ನೋಡಲು ಕರೆದ. ಎರಡೂ ಬಗಲಲ್ಲಿ, ತೋಳುಗಳಲ್ಲಿ ಎರಡೆರಡು ಬೆರಳು ಅಗಲದ ಬಟ್ಟೆ ಮಡಿಚಿ ಹೊಲಿದಿತ್ತು. ಇಷ್ಟು ಬಟ್ಟೆ ಒಳಗೆ ಬಿಡುವವರು ಈಗ ಯಾರಿದ್ದಾರೆ, ಹೊಲಿದವರು ನಿಮ್ಮನ್ನು ಬಹಳ ವರ್ಷ ಇಟ್ಟುಕೊಳ್ಳುವ ಲೆಕ್ಕದಲ್ಲಿ ಹೊಲಿದಿದ್ದಾರೆ ಎಂದ. ಹೊಲಿಗೆ ಬಿಚ್ಚುತ್ತ ಹೋದ ಹಾಗೆ ಒಳಗಿನ ಹಸಿರು ಹೊರಬಿತ್ತು. ಬಿಸಿಲು ಕಾಣದ್ದರಿಂದ ಹೊಸದರ ಹಾಗೆಯೇ ಇತ್ತು. ಎಡ ಬಗಲಿನ ಮಡಿಕೆ ತೆರೆದಾಗ ಅವನ ಕತ್ತರಿ ನಿಂತಿತು. ಮೂಲೆಯಲ್ಲಿ ಕೆಂಪು ನೂಲಿನ ಮೂರು ಹೊಲಿಗೆ.

ರೂತಕ್ಕ ಅದನ್ನು ಕತ್ತರಿಸಿರಲಿಲ್ಲ. ನಾನು ಸಿಕ್ಕಿಬಿದ್ದ ಆ ಡಿಸೆಂಬರಿನಲ್ಲೇ, ಸಿಟ್ಟು ಆರಿ ಹೆಚ್ಚು ದಿನವಾಗಿರದ ಹೊತ್ತಿನಲ್ಲೇ, ನಾನು ದಪ್ಪಗಾಗುವ ಇಷ್ಟು ವರ್ಷಗಳನ್ನೂ ತನ್ನ ಅವ್ವನ ಸಹಿಯನ್ನೂ ಸೇರಿಸಿ ಒಳಗೆ ಮಡಿಚಿ ಇಟ್ಟಿದ್ದಳು. "ಈ ದಾರ ತೆಗೆಯಲೇ?" ಎಂದು ಟೇಲರ್ ಕೇಳಿದ. "ನಕೋ, ನಕೋ!" ಎಂದು ನಾನು ಕೂಗಿದ್ದಕ್ಕೆ ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಮನೆಗೆ ಬಂದವಳೇ ಟ್ರಂಕು ತೆರೆದೆ. ರೂತಕ್ಕನಿಗೆ ಈಗ ಒಂದು ಕೈಯಲ್ಲಿ ಕೋಲು. ಚರ್ಚಿಗೆ ಹೋಗುವಾಗ ಹಾಡಿನ ಪುಸ್ತಕ, ಕನ್ನಡಕ ಹಿಡಿಯಲು ಪರದಾಡುತ್ತಾಳೆ ಎಂದು ದೀಪಾವಳಿಯಲ್ಲೇ ನೋಡಿದ್ದೆ. ನೀಲಿ ಖಣವೊಂದನ್ನು ತೆಗೆದು ಕತ್ತರಿ ಹಾಕಿದೆ. ಆ ಟ್ರಂಕಿನ ಖಣಕ್ಕೆ ನಾನು ಕತ್ತರಿ ಹಾಕಿದ್ದು ಅದೇ ಮೊದಲು. ಕೋಲಿಗೆ ತೂಗುಹಾಕುವ ಚೀಲ ಹೊಲಿಯುತ್ತಿದ್ದೇನೆ; ಸೊಟ್ಟಗಾಗಿದೆ, ಎರಡು ಸಲ ಬೆರಳಿಗೆ ಸೂಜಿ ಚುಚ್ಚಿದೆ. ಒಳಗೆ ಮಡಿಚಿದ ಬಟ್ಟೆ ನೋಡಿ ನಮ್ಮವರು, "ಕೋಲು ದಪ್ಪ ಆಗತೈತೇನ?" ಎಂದು ಕೇಳಿದರು. ಆಗುವುದಿಲ್ಲವೆಂದು ನನಗೂ ಗೊತ್ತು. ಆದರೂ ಎರಡು ಬೆರಳು ಬಿಟ್ಟೇ ಹೊಲಿದಿದ್ದೇನೆ.