ಅರ್ಧಕ್ಕೆ ಬಿಟ್ಟ ಕೊಂಡಿ

ಇಳಕಲ್ ಸೀರೆಯ ಸೆರಗು ಸೀರೆಯ ಮೈಗೆ ಬೇರೆಯಾಗಿ ಕೂಡಿಸಿದ್ದು. ಮೈಯ ಹಾಸು, ಎಂದರೆ ಉದ್ದದ ಎಳೆಗಳು, ಬೇರೆ; ಸೆರಗಿನ ರೇಷ್ಮೆಯ ಹಾಸು ಬೇರೆ. ಮಗ್ಗಕ್ಕೆ ಏರಿಸುವ ಮೊದಲು ಒಂದರ ಎಳೆಯ ಕುಣಿಕೆಯೊಳಗೆ ಇನ್ನೊಂದರ ಎಳೆಯನ್ನು ಸಿಕ್ಕಿಸುತ್ತ ಹೋಗಬೇಕು. ಇದಕ್ಕೆ ಕೊಂಡಿ ಹಾಕುವುದು ಎನ್ನುತ್ತಾರೆ. ನಮ್ಮ ಓಣಿಯ ರಾಚಪ್ಪನ ಮನೆಯಲ್ಲಿ ಮಗ್ಗ ಗಂಡಸರದು, ಕೊಂಡಿ ಹೆಂಗಸರದು. ಕೆರೂರಿನಿಂದ ಸೊಸೆಯಾಗಿ ಬಂದ ಅವನ ಹೆಂಡತಿ ಸಿದ್ದಲಿಂಗವ್ವ ಅತ್ತೆಯ ಪಕ್ಕ ಕುಳಿತು ಅದನ್ನು ಕಲಿತಳು. ಅತ್ತೆ ತೀರಿದ ಮೇಲೆ ಆ ಮನೆಯ ಪ್ರತಿ ಸೀರೆಯ ಕೊಂಡಿಯೂ ಆಕೆಯದೇ. ಸೀರೆ ಮಾತ್ರ ರಾಚಪ್ಪನ ಸೀರೆಯೆಂದೇ ಮಾರಾಟವಾಗುತ್ತದೆ.

ಕಳೆದ ವರ್ಷ ಇಟಲಿಯಲ್ಲಿ, ಕಡಲಿಗೆ ಹತ್ತಿರದ ಹಳೆಯ ಗುಡ್ಡದೂರೊಂದರಲ್ಲಿ ನಡೆದ ಕೈಮಗ್ಗ ಮೇಳಕ್ಕೆ ರಾಚಪ್ಪನಿಗೆ ಕರೆ ಬಂತು. ಅಲ್ಲಿ ಎರಡು ಸೀರೆ ನೇಯಬೇಕಿತ್ತು. ಕೊಂಡಿ ಹಾಕುವವರಿಲ್ಲದೆ ಸೀರೆ ಮಗ್ಗಕ್ಕೆ ಏರದೆಂದು ತಿಳಿದು ಮೇಳದವರು ಹೆಂಡತಿಗೂ ಟಿಕೆಟ್ಟು ಕಳುಹಿಸಿದರು. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ನಾನು ದುಭಾಷಿಯಾಗಿ ಹೊರಟೆ.

ಊರು ಗುಡ್ಡದ ನೆತ್ತಿಯ ಮೇಲೆ, ಕೋಟೆಯ ಗೋಡೆಯೊಳಗೆ ಇತ್ತು. ಓಣಿಗಳೆಲ್ಲ ಮೆಟ್ಟಿಲುಗಳೇ. ಗೋಡೆಯಿಂದ ಬಗ್ಗಿ ನೋಡಿದರೆ ಆಲಿವ್ ತೋಪು, ಅದರ ಕೆಳಗೆ ಸಮುದ್ರ.

"ಬದಾಮಿ ಗುಡ್ಡಾ ಹತ್ತಿದಂಗ ಆತಲ್ರೀ ಅಕ್ಕೋರ," ಎಂದು ಸಿದ್ದಲಿಂಗವ್ವ ಏದುಸಿರು ಬಿಟ್ಟಳು. "ಮಂಗ್ಯಾ ಒಂದ ಕಮ್ಮಿ."

"ನೀ ಬಂದೀಯಲ್ಲ, ಲೆಕ್ಕ ಸರಿ ಆತು," ಎಂದ ರಾಚಪ್ಪ.

ಆಕೆ ನಕ್ಕಳು. ಆಗಿನ್ನೂ ನಗುತ್ತಿದ್ದಳು.

ಮೊದಲ ಸೀರೆಯ ಕೊಂಡಿ ಮೇಳದ ಹಿಂದಿನ ದಿನವೇ, ಮುಚ್ಚಿದ ಬಾಗಿಲ ಹಿಂದೆ ಮುಗಿದಿತ್ತು. ಜನ ಕಂಡದ್ದು ಲಾಳಿಯ ಓಟವನ್ನು ಮಾತ್ರ. ಮಗ್ಗದ ಮುಂದೆ ರಾಚಪ್ಪನ ಹೆಸರಿನ ಫಲಕವಿತ್ತು. ಸಿದ್ದಲಿಂಗವ್ವ ಮೂಲೆಯಲ್ಲಿ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುತ್ತ ಕುಳಿತಿರುತ್ತಿದ್ದಳು. ಫೋಟೊ ತೆಗೆಯುವವರು ಆಕೆಗೆ ಸ್ವಲ್ಪ ಸರಿಯುವಂತೆ ಸನ್ನೆ ಮಾಡುತ್ತಿದ್ದರು, ಆಕೆ ಸರಿಯುತ್ತಿದ್ದಳು.

ನಮ್ಮ ಬಿಡಾರದ ಓಣಿಯಲ್ಲಿ ಮುದುಕಿಯರು ಹೊಸ್ತಿಲಲ್ಲಿ ಕುಳಿತು ಲೇಸ್ ಹೆಣೆಯುತ್ತಿದ್ದರು. ಬಾಗಿಲ ಪಕ್ಕದಲ್ಲಿ ಒಂದೊಂದು ತಾಮ್ರದ ತಗಡು.

"ಏನ ಬರದಾರ್ರೀ ಅದರಾಗ?" ಎಂದಳು ಸಿದ್ದಲಿಂಗವ್ವ.

"ಹೆಣಿಯೋರ ಹೆಸರು. ಮ್ಯಾಲ ತಾಯಿದು, ಕೆಳಗ ಮಗಳದು."

"ಗಂಡಂದು?"

"ಇಲ್ಲ."

ಆಕೆ ತಗಡಿನ ಮೇಲೆ ಬೆರಳಾಡಿಸಿದಳು. ಕೊಂಡಿ ಹಾಕಿ ಹಾಕಿ ಆ ಬೆರಳ ತುದಿಗಳು ಜಡ್ಡುಗಟ್ಟಿದ್ದವು. ಬಿಡಾರ ತಲುಪುವ ಹೊತ್ತಿಗೆ ಹೇಳಿದಳು: "ಎರಡನೇ ಸೀರಿಗೆ ಮಂದಿ ಮುಂದ ಕೊಂಡಿ ಹಾಕತೇನ್ರಿ. ಒಮ್ಮೆ ನೋಡ್ಲಿ. ಒಮ್ಮೆ ನೋಡಿದ್ರ ಸಾಕು."

ಮೇಳದ ವ್ಯವಸ್ಥಾಪಕಿ ಸಂತೋಷದಿಂದ ಒಪ್ಪಿದಳು. ಚರ್ಚಿನ ಮುಂದಿನ ಚೌಕದಲ್ಲೇ ಆಗಲಿ ಎಂದಳು. ರಾಚಪ್ಪನೂ ಬೇಡವೆನ್ನಲಿಲ್ಲ. "ನೋಡ್ಲಿ ಬಿಡ್ರಿ, ಅದರಾಗೇನೈತಿ," ಎಂದ.

ಆ ದಿನ ಸಿದ್ದಲಿಂಗವ್ವ ತನ್ನ ಮದುವೆಯ ಸೀರೆ ಉಟ್ಟಳು. ಅದರ ಕೊಂಡಿ ಅತ್ತೆಯದು. ಮೈಯ ಹಾಸಿನ ತುದಿಯನ್ನು ರಾಚಪ್ಪ, ಸೆರಗಿನ ಹಾಸಿನ ತುದಿಯನ್ನು ನಾನು ಹಿಡಿದೆವು. ಆಕೆ ನಡುವೆ ಕುಳಿತು ಎಳೆಯೊಳಗೆ ಎಳೆ ಸಿಕ್ಕಿಸತೊಡಗಿದಳು. ನೆರೆದವರು ಬಗ್ಗಿ ನೋಡಿದರು. ಅರ್ಧದಷ್ಟಾಗಿತ್ತು. ಕ್ಯಾಮೆರಾ ಹಿಡಿದವನೊಬ್ಬ, ಈಕೆ ಯಾರು, ಏನು ಮಾಡುತ್ತಿದ್ದಾಳೆ ಎಂದು ರಾಚಪ್ಪನ ಮುಖ ನೋಡುತ್ತ ಕೇಳಿದ. ಆ ಪ್ರಶ್ನೆಯನ್ನು ನಾನು ರಾಚಪ್ಪನಿಗೆ ಕನ್ನಡದಲ್ಲಿ ಹೇಳಿದೆ.

"ನಮ್ಮ ಮನಿಯಾಕಿರಿ," ಎಂದ ರಾಚಪ್ಪ. "ಒಂದೀಟ ದಾರಾ ಹಿಡೀತಾಳ. ಹೆಂಗಸರ ಕೆಲಸ, ಹೇಳೂದೇನೈತಿ ಅದರಾಗ?"

ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಕ್ಯಾಮೆರಾ ರಾಚಪ್ಪನತ್ತ ತಿರುಗಿತು.

ಸಿದ್ದಲಿಂಗವ್ವನ ಕೈ ನಿಂತಿತು. "ಹಂಗಾದ್ರ ಉಳದದ್ದ ನೀವ ಹಾಕ್ರಿ."

"ಏ ಹುಚ್ಚಿ, ಮಂದಿ ನೋಡಾಕತ್ತೈತಿ. ಕುಂದ್ರ."

"ನೋಡ್ಲಿ."

ಆಕೆ ಎದ್ದು ಸೆರಗು ಸರಿಮಾಡಿಕೊಂಡು, ಕಡಲಿಗಿಳಿಯುವ ಮೆಟ್ಟಿಲುಗಳತ್ತ ನಡೆದಳು.

ಮರಳಿ ಬಂದಾಳೆಂದು ರಾಚಪ್ಪ ಸ್ವಲ್ಪ ಹೊತ್ತು ಕಾದ. ಬರಲಿಲ್ಲ. ತನ್ನ ತುದಿಯನ್ನು ವ್ಯವಸ್ಥಾಪಕಿಯ ಕೈಗೆ ಕೊಟ್ಟು ಹೆಂಡತಿಯ ಜಾಗದಲ್ಲಿ ಕುಳಿತ. ಎಳೆಗಳು ಜಾರಿದವು, ಕೆಲವು ಹರಿದವು. ಹರಿದಲ್ಲಿ ಗಂಟು ಹಾಕಿದ. ಹಾಸಿನ ಒಂದು ಬದಿ ಸಡಿಲಾಗುವುದು ನನ್ನ ಕೈಗೆ ತಿಳಿಯುತ್ತಿತ್ತು. ಮುಗಿದಾಗ ಚೌಕದ ತುಂಬ ಚಪ್ಪಾಳೆ ಬಿತ್ತು. ಗಂಟಿಗೂ ಕೊಂಡಿಗೂ ವ್ಯತ್ಯಾಸ ಕಂಡವರು ಅಲ್ಲಿ ಯಾರೂ ಇರಲಿಲ್ಲ. ಆ ಹಾಸು ನೇಯಲು ಬಾರದೆ ಹೋಯಿತು. ಮೇಳದವರು ಅದನ್ನು ಹಾಗೆಯೇ ಗೋಡೆಗೆ ತೂಗುಹಾಕಿ, ಕೆಳಗೆ ರಾಚಪ್ಪನ ಹೆಸರು ಅಂಟಿಸಿದರು.

ಆ ದಿನ ಚಪ್ಪಾಳೆ ಮುಗಿದ ಮೇಲೆ ನಾನು ಮೆಟ್ಟಿಲಿಳಿದು ಹೋದಾಗ ಸಿದ್ದಲಿಂಗವ್ವ ಕಡಲ ದಂಡೆಯ ಕಲ್ಲೊಂದರ ಮೇಲೆ ಕುಳಿತಿದ್ದಳು.

"ಮಂದಿ ನಕ್ಕರೇನ್ರೀ ಅಕ್ಕೋರ?"

"ಇಲ್ಲ. ಚಪ್ಪಾಳಿ ಹೊಡದರು."

ಆಕೆ ಬೆರಳನ್ನು ನೀರಿಗದ್ದಿ ಬಾಯಲ್ಲಿಟ್ಟುಕೊಂಡಳು. "ಉಪ್ಪ ಐತಿ," ಎಂದು ಉಗುಳಿದಳು.

ಇಟಲಿಯಿಂದ ಮರಳಿದ ಮೇಲೆ ನಮ್ಮ ಊರಲ್ಲಿ ಸತ್ಕಾರ ನಡೆಯಿತು. ರಾಚಪ್ಪನಿಗೆ ಶಾಲು ಹೊದಿಸಿದರು. ಸಿದ್ದಲಿಂಗವ್ವನಿಗೆ ಕುಪ್ಪಸದ ಖಣ ಕೊಟ್ಟು ಉಡಿ ತುಂಬಿದರು. ಗಂಡನಿಗೆ ಸತ್ಕಾರವಾದಾಗ ಹೆಂಡತಿಗೆ ಹಾಗೆಯೇ ಮಾಡುವುದು.

ಮೊನ್ನೆ ಅವರ ಮನೆಗೆ ಹೋಗಿದ್ದೆ. ಹುನಗುಂದದಿಂದ ಬಂದ ಗಿರಾಕಿಗಳು ಕುಳಿತಿದ್ದರು. ಪಡಸಾಲೆಯಲ್ಲಿ ಹೊಸ ಹಾಸು ಚಾಚಿತ್ತು, ಸಿದ್ದಲಿಂಗವ್ವ ಅದರ ಮುಂದೆ ಬಗ್ಗಿದ್ದಳು. ರಾಚಪ್ಪ ಚಹಾ ಕುಡಿಯುತ್ತ ಇಟಲಿಯ ಸಂಗತಿ ಹೇಳುತ್ತಿದ್ದ.

"ಅಲ್ಲಿ ಕೊಂಡಿ ನಾನ ಹಾಕಿದೆ, ಇಡೀ ಊರಿನ ಮುಂದ. ಏನ ಚಪ್ಪಾಳಿ ಅಂತೀರಿ! ಹೌದಿಲ್ಲೋ?" ಎಂದು ಹೆಂಡತಿಯತ್ತ ತಿರುಗಿದ.

"ಹೂಂ. ಹೊಡದರು," ಎಂದಳು ಸಿದ್ದಲಿಂಗವ್ವ, ತಲೆ ಎತ್ತದೆ. ಮುಂದಿನ ಎಳೆಯನ್ನು ಕುಣಿಕೆಗೆ ಸಿಕ್ಕಿಸಿದಳು.