ಕಟಪಾಡಿ ಆದಮೇಲೆ

ನನಗೆ ಬರುವ ವಿದ್ಯೆ ಒಂದೇ, ಇನ್ನೊಬ್ಬರ ಹಾಗೆ ಮಾತಾಡುವುದು. ನನ್ನ ಹಾಗೆಯೇ ಮಾತಾಡಲು ಹೋದರೆ ತಡವರಿಸುತ್ತೇನೆ. ನಮ್ಮ ಕನ್ನಡದವರ ದೀಪಾವಳಿ ಕಾರ್ಯಕ್ರಮದಲ್ಲಿ ಊಟಕ್ಕೆ ಮುಂಚಿನ ಹತ್ತು ನಿಮಿಷ ನನಗೆ ಮೀಸಲು, ಏಕೆಂದರೆ ಆ ಹೊತ್ತಿಗೆ ಸಾಂಬಾರು ಇನ್ನೂ ಬಿಸಿಯಾಗಿರುವುದಿಲ್ಲ. ಮೊದಲ ಸಾಲಿನಲ್ಲಿ ಕೂರುವ ನಿವೃತ್ತ ಡಾಕ್ಟರ್ ಅಂಕಲ್ ಒಬ್ಬರ ಹಾಗೆ ಸೊಂಟಕ್ಕೆ ಕೈಕೊಟ್ಟು ನಿಂತು, "ನಾವು ಬಂದಾಗ ಈ ಊರಲ್ಲಿ ಒಂದು ಕಟ್ಟು ಕೊತ್ತಂಬರಿ ಸೊಪ್ಪು ಸಿಗ್ತಿರ್ಲಿಲ್ಲಪ್ಪ, ನೀವೆಲ್ಲ ಪುಣ್ಯವಂತರು" ಎನ್ನುತ್ತೇನೆ. ಎಲ್ಲರಿಗಿಂತ ಮೊದಲು ನಗುವವರು ಅವರೇ. ಆಮೇಲೆ ತಟ್ಟೆ ಹಿಡಿದ ಸಾಲಿನಲ್ಲಿ ನನ್ನ ಹೆಗಲು ಹಿಡಿದು ಹೇಳುತ್ತಾರೆ: "ಚೆನ್ನಾಗಿ ಮಾಡ್ದೆ ಕಣಯ್ಯ. ಆದ್ರೆ ನಿಜವಾಗ್ಲೂ ಸಿಗ್ತಿರ್ಲಿಲ್ಲ."

ಆದರೆ ನನ್ನ ಕಿರೀಟದಂಥ ಐಟಂ ಅಂದರೆ ಅಜ್ಜ, ಅಪ್ಪನ ಅಪ್ಪ. ಉಡುಪಿ–ಮಂಗಳೂರು ಸರ್ವಿಸ್ ಬಸ್ಸಿನಲ್ಲಿ ತಲೆಗೂದಲು ನೆರೆಯುವ ತನಕ ಕಂಡಕ್ಟರ್ ಆಗಿದ್ದವರು. ಎಕ್ಸ್‌ಪ್ರೆಸ್ ಅಲ್ಲ, ಕೈ ತೋರಿಸಿದಲ್ಲೆಲ್ಲ ನಿಲ್ಲುವ ಬಸ್ಸು. ಊರು ಬಿಟ್ಟು ಈ ಪರದೇಶದ ರೆಕ್ಸ್‌ಡೇಲಿನ ನಮ್ಮ ಮನೆಗೆ ಬಂದು ನೆಲೆಸಿದ ಮೇಲೂ ಅವರು ಬಸ್ಸಿನಲ್ಲಿ ಕೂತದ್ದನ್ನು ನಾನು ನೋಡಿಲ್ಲ. ಸೀಟು ಖಾಲಿ ಇದ್ದರೂ ಹಿಂದಿನ ಬಾಗಿಲ ಪಕ್ಕದ ಕಂಬ ಹಿಡಿದು ನಿಲ್ಲುತ್ತಿದ್ದರು. ಇಳಿಯುವವರಿದ್ದರೆ ಬೆರಳಗಂಟಿನಿಂದ ಕಂಬಕ್ಕೆ ಒಂದು ಸಲ ಟಕ್. ಹತ್ತಿ ಆದಮೇಲೆ ಎರಡು ಸಲ ಟಕ್ ಟಕ್. ಒಂದಕ್ಕೆ ಸ್ಟಾಪು, ಎರಡಕ್ಕೆ ರೈಟು. ಡ್ರೈವರಿಗೆ ಅದು ಕೇಳಿಸುತ್ತಿರಲಿಲ್ಲ, ಆದರೂ ಬಸ್ಸು ತಮ್ಮ ಮಾತು ಕೇಳಿಯೇ ಹೊರಟಿತು ಎನ್ನುವ ತೃಪ್ತಿ ಅವರ ಮುಖದಲ್ಲಿರುತ್ತಿತ್ತು. ನಿಲ್ದಾಣದ ಹೆಸರು ಹೇಳುವ ರೆಕಾರ್ಡಿಂಗ್ ದನಿಯ ಬಗ್ಗೆ ಅವರ ಅಭಿಪ್ರಾಯ ಹೀಗಿತ್ತು: "ಆ ಹೆಣ್ಣುಮಗಳು ಚಂದ ಹೇಳ್ತಾಳೆ ಮಾರಾಯ. ಆದ್ರೆ ಇಳಿಯುವವರಿಗೆ ಒಂದು ಗಡಿಬಿಡಿ ಹುಟ್ಟಿಸ್ಬೇಕಲ್ಲ, ಅದು ಅವಳಿಗೆ ಗೊತ್ತಿಲ್ಲ."

ಅಮ್ಮ ಮೈಸೂರಿನ ಕಡೆಯವಳಾದ್ದರಿಂದ ನಮ್ಮ ಮನೆಯ ಭಾಷೆ ಕನ್ನಡ. ಅಜ್ಜನ ಬಸ್ಸು ಮಾತ್ರ ತುಳುವಿನಲ್ಲೇ ಓಡುತ್ತಿತ್ತು. ನೆಂಟರು ಬಂದಾಗ ನಾನು ಡೈನಿಂಗ್ ಟೇಬಲ್ಲಿನ ಪಕ್ಕ ಒಂಟಿಕಾಲಲ್ಲಿ ಜೋತಾಡುತ್ತ, "ಬಲೆ ಬಲೆ, ದುಂಬು ಪೋಲೆ", ಬನ್ನಿ ಬನ್ನಿ ಮುಂದೆ ಹೋಗಿ, ಎಂದು ಎಲ್ಲರನ್ನೂ ಸೋಫಾದ ಕಡೆ ದೂಡುತ್ತ, "ಉದ್ಯಾವರ, ಕಟಪಾಡಿ, ಕಾಪು, ಉಚ್ಚಿಲ" ಎಂದು ಒಂದೇ ಉಸಿರಿಗೆ ಕೂಗುತ್ತಿದ್ದೆ. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಅಜ್ಜನೂ ನಗುತ್ತಿದ್ದರು, ನಗುತ್ತಲೇ ಒಂದು ಬೆರಳು ಎತ್ತುತ್ತಿದ್ದರು. ನಂಬರ್ ಒನ್ ಎನ್ನುತ್ತಿದ್ದಾರೆ ಅಂದುಕೊಂಡು ನಾನು ಇನ್ನಷ್ಟು ಕುಣಿಯುತ್ತಿದ್ದೆ.

ಎರಡು ಚಳಿಗಾಲದ ಹಿಂದೆ ಅಜ್ಜನಿಗೆ ಸ್ಟ್ರೋಕ್ ಆಯಿತು. ನಡಿಗೆ ವಾಕರ್ ಹಿಡಿದುಕೊಂಡು ಅರ್ಧಕ್ಕೆ ವಾಪಸು ಬಂತು. ಮಾತು ಬರಲಿಲ್ಲ. "ಹೂಂ", "ಆಯ್ತು", ಸಿಟ್ಟು ಬಂದರೆ ಒಂದು ತುಳು ಬೈಗುಳ, ಇಷ್ಟೇ ಉಳಿದದ್ದು. ಬೈಗುಳ ಮಾತ್ರ ಗಂಟೆ ಹೊಡೆದ ಹಾಗೆ ಸ್ಪಷ್ಟ. ಅಂದಿನಿಂದ ನಾನು ಅಜ್ಜನ ಅನುಕರಣೆ ನಿಲ್ಲಿಸಿದೆ. ಮಾತು ಕಳೆದುಕೊಂಡವರ ಎದುರು ನಿಂತು ಅವರ ಮಾತನ್ನೇ ಆಡಿ ತೋರಿಸುವಷ್ಟು ಕೆಟ್ಟವನಲ್ಲ ನಾನು, ಸ್ವಲ್ಪ ಕಡಿಮೆ ಕೆಟ್ಟವನು.

ತಂಗಿ ಈ ವರ್ಷ ಹನ್ನೆರಡನೇ ಗ್ರೇಡಿನಲ್ಲಿ ಚಿತ್ರಕಲೆ ಕಲಿಯುತ್ತಿದ್ದಳು. ವರ್ಷದ ಕೊನೆಯ ಪ್ರದರ್ಶನಕ್ಕೆ ಟೀಚರು ಎಲ್ಲರಿಗೂ ಒಂದೇ ಪ್ರಶ್ನೆ ಕೊಟ್ಟಿದ್ದರಂತೆ: ನಿಮ್ಮ ಮನೆಯಿಂದ ಯಾವುದು ಕಳೆದುಹೋಗುತ್ತಿದೆ? ಇವಳು ಬೇಸ್‌ಮೆಂಟಿಗೆ ಇಳಿದವಳು ಆರು ವಾರ ಮೇಲೆ ಬರಲಿಲ್ಲ. ಅಜ್ಜನ ಪೆಟ್ಟಿಗೆಯಲ್ಲಿ ಉಳಿದಿದ್ದ ಹಳೆ ಬಸ್ ಟಿಕೆಟ್ಟೊಂದರ ಅಳತೆ, ಅಂದ ನೋಡಿಕೊಂಡು ಒಂದೊಂದು ನಿಲ್ದಾಣದ ಹೆಸರನ್ನೂ ರಬ್ಬರಿನಂಥ ಹಲಗೆಯಲ್ಲಿ ಕನ್ನಡದಲ್ಲಿ ತಿರುವುಮುರುವಾಗಿ ಕೆತ್ತಿದಳು. ನೀಲಿ ಮಸಿ ಬಳಿದು, ಹಳದಿ, ಗುಲಾಬಿ, ತಿಳಿನೀಲಿ ತೆಳುಕಾಗದ ಇಟ್ಟು, ಅಮ್ಮನ ಲಟ್ಟಣಿಗೆಯಿಂದ ಉರುಳಿಸಿ ನೂರಾರು ಟಿಕೆಟ್ ಅಚ್ಚುಹಾಕಿದಳು. ಕನ್ನಡ ಓದಲು ತಡವರಿಸುವ ಹುಡುಗಿ ಕನ್ನಡವನ್ನು ಉಲ್ಟಾ ಬರೆಯುವುದರಲ್ಲಿ ಪಳಗಿಬಿಟ್ಟಳು. ಆ ತಿಂಗಳು ನಾವು ತಿಂದ ಚಪಾತಿಗಳ ಅಂಚಿನಲ್ಲಿ ತೆಳ್ಳಗೆ ನೀಲಿ ಇತ್ತು.

ಒಂದು ದಿನ ಮೇಲೆ ಬಂದು ನನ್ನ ಎದುರು ನಿಂತಳು.

"ಅಣ್ಣ, ಐ ನೀಡ್ ಅಜ್ಜಾಸ್ ವಾಯ್ಸ್."

"ಅಜ್ಜನ ಹತ್ರ ಕೇಳು."

"ವೆರಿ ಫನ್ನಿ. ಅದು ನಿನ್ನ ಹತ್ರ ಮಾತ್ರ ಉಂಟು, ಯು ನೋ ದಟ್."

ಗೊತ್ತಿತ್ತು. ಅಜ್ಜನ ಎದುರೇ ನಾನು ಅಜ್ಜನ ಹಾಗೆ ಕೂಗುವ ವಿಡಿಯೋಗಳು ಮನೆಯವರ ಫೋನುಗಳಲ್ಲಿ ಬೇಕಾದಷ್ಟಿವೆ. ಅಜ್ಜ ತಾವೇ ಕೂಗಿದ್ದು ಒಂದೂ ಇಲ್ಲ. ಅಸಲು ಮನೆಯಲ್ಲೇ ಇದ್ದಾಗ ನಾವೆಲ್ಲ ನಕಲನ್ನು ರೆಕಾರ್ಡ್ ಮಾಡುತ್ತಿದ್ದೆವು. ತಂಗಿ ನಿಲ್ದಾಣಗಳ ಪಟ್ಟಿ ಮಾಡಿಕೊಂಡದ್ದೂ ಆ ವಿಡಿಯೋಗಳಿಂದಲೇ.

"ಅಜ್ಜ ಅಲ್ಲಿಗೆ ಬರ್ತಾರೆ. ನಾನು ಗೇಲಿ ಮಾಡ್ತಿದ್ದೇನೆ ಅಂದ್ಕೊಂಡ್ರೆ?" ಎಂದೆ.

"ದೆನ್ ಡೋಂಟ್ ಗೇಲಿ ಮಾಡು," ಎಂದಳು. ಅದು ಯಾವ ಭಾಷೆಯೋ, ಅರ್ಥವಂತೂ ಆಯಿತು.

ಚಳಿಗಾಲದ ಕೋಟುಗಳನ್ನು ನೇತುಹಾಕುವ ಕ್ಲಾಸೆಟ್ಟಿನೊಳಗೆ, ದನಿ ಗೋಡೆಗೆ ಬಡಿಯದಿರಲಿ ಎಂದು, ನನ್ನನ್ನು ಕೂರಿಸಿ ಬಾಗಿಲು ಹಾಕಿದಳು. ಮೊದಲ ಸಲ ಕೂಗಿದೆ. ಕೇಳಿ ತಲೆ ಅಲ್ಲಾಡಿಸಿದಳು. "ದಿಸ್ ಈಸ್ ಸ್ಟೇಜ್ ಅಜ್ಜ. ನನಗೆ ಬಸ್ ಅಜ್ಜ ಬೇಕು." ಮತ್ತೆ ಕೂಗಿದೆ, ಮತ್ತೆ ಬೇಡವೆಂದಳು. ಆಗ ತಿಳಿಯಿತು, ಇಷ್ಟು ವರ್ಷ ಜನ ನಕ್ಕ ಜಾಗಗಳನ್ನೇ ನಾನು ಉಬ್ಬಿಸುತ್ತ ಬಂದಿದ್ದೆ, ನಗು ಬರದ ಜಾಗಗಳನ್ನು ಸದ್ದಿಲ್ಲದೆ ಬಿಟ್ಟುಬಿಟ್ಟಿದ್ದೆ. ಕೋಟುಗಳ ಮಧ್ಯೆ ಕಣ್ಣುಮುಚ್ಚಿ ಹುಡುಕಿದೆ. ಪಡುಬಿದ್ರಿ ಎನ್ನುವಾಗ ಅವರ ದನಿ ಯಾಕೋ ತಗ್ಗುತ್ತಿತ್ತು. ಮುಲ್ಕಿಯ ಮೊದಲ ಅಕ್ಷರವನ್ನು ಸೇತುವೆಯಷ್ಟು ಉದ್ದ ಎಳೆಯುತ್ತಿದ್ದರು. ಸುರತ್ಕಲ್ಲಿಗೆ ಬರುವಾಗ ಸುಸ್ತಾಗಿರುತ್ತಿತ್ತು, ಆದರೂ ಒಂದು ಹೆಸರನ್ನೂ ನುಂಗುತ್ತಿರಲಿಲ್ಲ. ನಾಲ್ಕನೆಯ ಸಲ ಕೂಗುತ್ತ ಹೋದಾಗ ನನ್ನ ಗಂಟಲಿನಿಂದ ಹೊರಟದ್ದು ನಾನಲ್ಲ. ಬಾಗಿಲು ತೆರೆದರೆ ತಂಗಿ ಹೆಡ್‌ಫೋನು ಹಾಕಿಕೊಂಡೇ ನಿಂತಿದ್ದಳು, ರೆಕಾರ್ಡಿಂಗ್ ಮುಗಿದಿತ್ತು. ಹೆಡ್‌ಫೋನು ಮಾತ್ರ ತೆಗೆಯಲಿಲ್ಲ.

ಪ್ರದರ್ಶನವಿದ್ದದ್ದು ಪಕ್ಕದ ಶ್ರೀಮಂತರ ಊರು ಕ್ಲೈನ್‌ಬರ್ಗಿನ ಹಳೆಯ ಬೀದಿಯ ಒಂದು ಸಣ್ಣ ಹಾಲಿನಲ್ಲಿ. ದಾರಿಯುದ್ದಕ್ಕೂ ದೊಡ್ಡ ದೊಡ್ಡ ಮನೆಗಳನ್ನು ನೋಡುತ್ತ ಅಮ್ಮ, "ಇಷ್ಟು ದೊಡ್ಡ ಮನೆ ಗುಡಿಸೋರು ಯಾರು" ಎಂದು ಮರುಕ ಪಡುತ್ತಿದ್ದಳು. ಬೇರೆ ದಿನವಾದರೆ ನಾನು ಅವಳ ಹಾಗೇ ಹೇಳಿ ತೋರಿಸುತ್ತಿದ್ದೆ. ಹಿಂದಿನ ಸೀಟಿನಲ್ಲಿ ಅಜ್ಜ ಇಸ್ತ್ರಿ ಮಾಡಿದ ಅಂಗಿ ಹಾಕಿ ಕೂತಿದ್ದರು.

ಒಳಗೆ ಕಾಲಿಟ್ಟವನು ಬಾಗಿಲಲ್ಲೇ ನಿಂತುಬಿಟ್ಟೆ. ಇದನ್ನೆಲ್ಲ ಮಾಡಿದವರು ನನ್ನ ತಂಗಿಯ ಗೆಳೆಯರು, ನಮ್ಮ ಫ್ರಿಜ್ಜಿನಿಂದ ಕೇಳದೆ ಜ್ಯೂಸು ತೆಗೆದು ಕುಡಿಯುವ ಮಕ್ಕಳು. ಒಬ್ಬ ಪಂಜಾಬಿ ಹುಡುಗ ತನ್ನ ಅಪ್ಪನ ಟ್ರಕ್ಕಿನ ಸವೆದ ಸೀಟಿನ ಮೇಲೆ ಅಜ್ಜಿಯ ದುಪಟ್ಟಾದ ಕಸೂತಿಯನ್ನು ಕೆಂಪು ನೂಲಿನಲ್ಲಿ ಹೊಲಿದಿದ್ದ, ಅಪ್ಪ ಕೂತು ಕೂತು ಹಳ್ಳಬಿದ್ದ ಜಾಗದಲ್ಲಿ ಹೂವು ಎಲ್ಲಕ್ಕಿಂತ ದಟ್ಟವಾಗಿತ್ತು. ಒಬ್ಬಳು ಆಸ್ಪತ್ರೆ ತೊಳೆಯುವ ಕೆಲಸದ ತನ್ನ ಅಮ್ಮನ ಕೈಗಳನ್ನು ಸೋಪಿನಲ್ಲಿ ಎರಕ ಹೊಯ್ದಿಟ್ಟಿದ್ದಳು. ಆ ಕೈಗಳ ಮುಂದೆ ಅದೇ ಕೈಗಳ ಒಡತಿ ನಿಂತು ತನ್ನವನ್ನು ಕೋಟಿನ ಜೇಬಿಗೆ ಇಳಿಸಿಕೊಂಡಿದ್ದಳು. ಯಾರನ್ನಾದರೂ ಕಂಡರೆ ಕಾಲೆಳೆಯಲು ತುದಿನಾಲಿಗೆಯಲ್ಲಿ ಏನಾದರೂ ಇರುತ್ತದೆ ನನಗೆ. ಅಲ್ಲಿ ಏನೂ ಇರಲಿಲ್ಲ.

ತಂಗಿಯದು ಕೊನೆಯಲ್ಲಿತ್ತು. ಹಾಲಿನ ಉದ್ದಕ್ಕೂ ಮಾಡಿನಿಂದ ನೂರಾರು ಟಿಕೆಟ್ಟುಗಳು ನೂಲಿನಲ್ಲಿ ಹಣೆಯ ಎತ್ತರಕ್ಕೆ ತೂಗುತ್ತಿದ್ದವು, ಊರಿನ ಹಿಂದೆ ಊರು, ಉಡುಪಿಯಿಂದ ಮಂಗಳೂರಿನ ತನಕ. ಜನ ಉಸಿರಾಡಿದರೆ ಸಾಕು, ಅವು ತಿರುಗುತ್ತಿದ್ದವು. ಕೆಳಗೆ ನಡೆಯುತ್ತ ಹೋದಂತೆ ದನಿ ಜೊತೆಯಲ್ಲೇ ಬರುತ್ತಿತ್ತು. ಕನ್ನಡದ ಗಂಧವಿಲ್ಲದ ಮಕ್ಕಳು ಪಡುಬಿದ್ರಿಯ ಕೆಳಗೆ ಬಾಯಿ ತೆರೆದು ನಿಂತು, ಯಾರೋ ತಮ್ಮನ್ನು ಬೇಗ ಇಳಿಯಲು ಹೇಳುತ್ತಿದ್ದಾರೆಂದು ತಾವಾಗಿ ತಿಳಿದು ಮುಂದೆ ಸರಿಯುತ್ತಿದ್ದರು.

ಅಜ್ಜ ವಾಕರ್ ದೂಡುತ್ತ ಉಡುಪಿಯ ಕೆಳಗೆ ಬಂದರು. ದನಿ ಕೇಳಿಸಿತು. ನಿಂತರು. ನಾನು ಅಪ್ಪನ ಬೆನ್ನ ಹಿಂದೆ ಅಡಗಿದೆ. ಅಜ್ಜ ತಲೆಯೆತ್ತಿ ಗುಲಾಬಿ ಟಿಕೆಟ್ಟನ್ನು ನೋಡಿದರು, ಆಮೇಲೆ ನಡೆದರು. ಉದ್ಯಾವರ. ಕಟಪಾಡಿ. ದನಿ ಕಾಪು ಎಂದಿತು.

ಅಜ್ಜ ವಾಕರಿನ ಬ್ರೇಕು ಒತ್ತಿಬಿಟ್ಟರು.

ಹಿಂದೆ ಬರುತ್ತಿದ್ದವರೂ ನಿಂತರು. ದನಿ ತನ್ನ ಪಾಡಿಗೆ ಉಚ್ಚಿಲ ದಾಟಿ ಹೋಯಿತು. ಅಜ್ಜನ ಮುಖ ಕೆಂಪಾಗಿತ್ತು. ಬಂತಲ್ಲ, ನಾನು ಹೆದರಿದ್ದು ಇದಕ್ಕೇ, ಎಂದುಕೊಂಡೆ. ಕನ್ನಡಿ ಹಿಡಿದು ಅಣಕಿಸಿದೆವು ಅವರನ್ನು, ಅದೂ ಇಷ್ಟು ಜನರ ಎದುರು. ಆ ಬೈಗುಳವೂ ಬಂತು, ಸ್ಪಷ್ಟವಾಗಿ. ತುಳು ಬಾರದವರು ಅದೂ ಕಲಾಕೃತಿಯ ಭಾಗವೆಂದು ತಲೆದೂಗಿದರು.

"ಅಪ್ಪ, ಹೋಗುವನಾ?" ಎಂದು ನನ್ನ ಅಪ್ಪ ಅವರ ಮೊಣಕೈ ಹಿಡಿದರು. ಅಜ್ಜ ಕೊಸರಿದರು. ನನ್ನ ಕಡೆ ತಿರುಗಿ, ಒಂದು ಬೆರಳು ಎತ್ತಿದರು.

ಅದೇ ಬೆರಳು. ಡೈನಿಂಗ್ ಟೇಬಲ್ಲಿನ ಪಕ್ಕ ನಾನು ಕುಣಿಯುವಾಗೆಲ್ಲ, ಕಟಪಾಡಿ ಆದಮೇಲೆ, ಎತ್ತುತ್ತಿದ್ದ ಬೆರಳು. ನಂಬರ್ ಒನ್ ಅಲ್ಲ ಅದು. ಒಂದಕ್ಕೆ ಸ್ಟಾಪು.

"ಪಾಂ," ಎಂದರು ಅಜ್ಜ. ಗಂಟಲಿನ ನರ ಉಬ್ಬಿತು. "ಪಾಂ... ಗಾಳ."

ಎರಡು ಚಳಿಗಾಲ ಆದಮೇಲೆ ಅಜ್ಜನ ಬಾಯಲ್ಲಿ ಹೊಸದಾಗಿ ಬಂದ ಮಾತು ಅದೊಂದು.

"ಪಾಂಗಾಳ ಬಿಟ್ಟಿದ್ದೀಯಲ್ಲ ಮಾರಾಯ," ಎಂದರು ಅಪ್ಪ ನನಗೆ. "ಅಲ್ಲಿ ಮೀನಿನ ಬುಟ್ಟಿ ಹಿಡ್ಕೊಂಡು ಇಬ್ರು ಹೆಂಗಸರು ನಿಲ್ತಾ ಇದ್ರು. ನೀರು ಸೋರ್ತದೆ, ನಾತ ಬರ್ತದೆ ಅಂತ ಯಾವ ಬಸ್ಸೂ ನಿಲ್ಸ್ತಿರ್ಲಿಲ್ಲ. ಇವ್ರು ನಿಲ್ಸ್ತಿದ್ರು. ಡ್ರೈವರ್ ಹತ್ರ ದಿನಾ ಜಗಳ."

ಕಟಪಾಡಿ, ಕಾಪು ಎಂದು ಕೂಡಿಸಿದರೆ ಕೂಗಲು ಚಂದ, ಜನ ನಗುತ್ತಾರೆ. ಅಷ್ಟಕ್ಕೇ ನಾನು ಆ ಇಬ್ಬರನ್ನು ರಸ್ತೆಬದಿಯಲ್ಲೇ ಬಿಟ್ಟು ವರ್ಷಗಟ್ಟಲೆ ಮುಂದೆ ಹೋಗಿದ್ದೆ. ಅಜ್ಜ ಪ್ರತಿಸಲ ಬೆಲ್ಲು ಹೊಡೆದಿದ್ದರು.

ತಂಗಿ ಬ್ಯಾಗಿನಿಂದ ಅಚ್ಚಾಗದ ಹಳದಿ ಕಾಗದವೊಂದನ್ನು ತೆಗೆದು ಪೆನ್ನಿನ ಜೊತೆ ನನಗೆ ಕೊಟ್ಟಳು. ಪಾಂಗಾಳ ಎಂದು ಬರೆದೆ. ನನ್ನ ಅಕ್ಷರ ನೋಡಿ ಮುಖ ಸಿಂಡರಿಸಿ, ಆದರೂ ಅದನ್ನು ಕಟಪಾಡಿ, ಕಾಪುಗಳ ನಡುವೆ ನೂಲಿಗೆ ಸಿಕ್ಕಿಸಿದಳು. ಆಮೇಲೆ ಹೋಗಿ ಸ್ಪೀಕರ್ ಆಫ್ ಮಾಡಿದಳು.

"ಅಣ್ಣ, ಡೂ ಇಟ್ ಲೈವ್," ಎಂದಳು. "ಅಜ್ಜನ ಜೊತೆ."

ಅಜ್ಜನನ್ನು ತಿರುಗಿಸಿ ಮತ್ತೆ ಉಡುಪಿಗೆ ಕರೆತಂದೆವು. ನಾನು ಅವರ ಪಕ್ಕ ನಿಂತೆ, ಜೋತಾಡದೆ, ನೆಟ್ಟಗೆ. ಉದ್ಯಾವರ ಎಂದು ಕೂಗಿದೆ. ನಡೆದೆವು. ಕಟಪಾಡಿ ಎಂದು ಕೂಗಿ ಬಾಯಿ ಮುಚ್ಚಿದೆ. ಅಲ್ಲಿದ್ದವರೆಲ್ಲ ಕಾದರು. ಅಜ್ಜ ಉಸಿರೆಳೆದುಕೊಂಡರು, ಆ ಒಂದು ಹೆಸರನ್ನು ಎರಡು ತುಂಡಾಗಿ ಹೇಳಿದರು, ಬ್ರೇಕು ಹಾಕಿದರು. ಖಾಲಿ ನೆಲವನ್ನು ನೋಡುತ್ತ, ಬುಟ್ಟಿಗಳು ಹತ್ತುವಷ್ಟು ಹೊತ್ತು ಸುಮ್ಮನೆ ನಿಂತರು.

ಆಮೇಲೆ ವಾಕರಿನ ಕಂಬಿಗೆ ಬೆರಳಗಂಟಿನಿಂದ ಎರಡು ಸಲ ತಟ್ಟಿದರು.

ಕಾಪು, ಎಂದೆ ನಾನು.