ವ್ಯಾಟ್ ಮಾಸ್ತರ ತಂದಿಟ್ಟ ಪೆಟ್ಟಿಗೆ

ನಾಲ್ಕು ಜನ ಗಿರಾಕಿಗಳ ಮುಂದೆ ವ್ಯಾಟ್ ಮಾಸ್ತರ ನನ್ನನ್ನು ಕಿವುಡನೆಂದ. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ನಮ್ಮ ಬೀದಿಯ ತುದಿಯಲ್ಲಿ ಕಂಪ್ಯೂಟರ್ ಜೋಡಿಸಿ ಕೊಡುತ್ತಿದ್ದ. ಅದಕ್ಕೂ ಮೊದಲು ಇಪ್ಪತ್ತು ವರ್ಷ ಟಾಕೀಸಿನಲ್ಲಿ ರೀಲು ಓಡಿಸಿದವನು. ಯಾವ ಯಂತ್ರ ಕಂಡರೂ ‘ಎಷ್ಟು ವ್ಯಾಟು?’ ಎಂದು ಕೇಳುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ವ್ಯಾಟ್ ಮಾಸ್ತರ.

ನನ್ನನ್ನು ಸಾಕಿದ ಅಕ್ಕ ಆಗ ಹಾಸಿಗೆ ಹಿಡಿದಿದ್ದಳು. ಕಣ್ಣು ಮಂಜು. ಹಳೆಯ ಸಿನಿಮಾಗಳ ಮಾತು ಕೇಳುತ್ತಾ ಹೊತ್ತು ಕಳೆಯುವುದೊಂದೇ ಅವಳಿಗೆ ಉಳಿದಿತ್ತು. ಟಿವಿಗೆ ಜೋಡಿಸಲು ಕಂಪ್ಯೂಟರ್ ಬೇಕೆಂದು ಹೋದೆ.

“ಹತ್ತು ವ್ಯಾಟಿನ ಪ್ರೊಸೆಸರ್ ಸಾಕಣ್ಣಾ. ಗ್ರಾಫಿಕ್ಸ್ ಅದರೊಳಗೇ ಇರುತ್ತೆ. ಬಿಸಿ ಕಮ್ಮಿ, ಫ್ಯಾನೂ ಬೇಡ,” ಎಂದ ಮಾಸ್ತರ.

“ನಮ್ಮಕ್ಕನಿಗೆ ಅಗ್ಗದ್ದು ತಗಲಾಕ್ತೀಯೇನೋ? ದೊಡ್ಡದೇ ಹಾಕು. ಗ್ರಾಫಿಕ್ಸ್ ಕಾರ್ಡೂ ಬೇರೆ ಹಾಕು.”

“ಸಿನಿಮಾ ನೋಡೋಕೆ ಲಾರಿ ಎಂಜಿನ್ ಯಾಕೆ? ಮೂರು ಫ್ಯಾನ್ ಬಡ್ಕೊಳ್ತವೆ.” ಅಂಗಡಿಯಲ್ಲಿದ್ದ ಅಂಥದೊಂದನ್ನು ಆನ್ ಮಾಡಿದ. “ಕೇಳಿಸ್ತಾ?”

“ಏನು ಕೇಳಿಸ್ಬೇಕು?”

“ಸರಿಹೋಯ್ತು! ನಿಮಗೆ ಕಿವೀನೇ ಇಲ್ಲ ಅಣ್ಣಾ.”

ಎಲ್ಲರೂ ನಕ್ಕರು. ಹಟಕ್ಕೆ ಬಿದ್ದು ಅದನ್ನೇ ಹೊತ್ತು ತಂದೆ.

ಇಪ್ಪತ್ತಾರು ವರ್ಷದಿಂದ ತಗಡು ಒತ್ತುವ ಪ್ರೆಸ್ಸಿನ ಪಕ್ಕ ನಿಂತವನು ನಾನು. ಆ ಸದ್ದಿನ ಶೆಡ್ಡಿನಲ್ಲಿ ತುಟಿ ನೋಡಿಯೇ ಮಾತು ತಿಳಿದುಕೊಳ್ಳುತ್ತೇವೆ. ಅದನ್ನು ಅಲ್ಲಿ ಯಾರೂ ಕಿವುಡು ಅನ್ನುವುದಿಲ್ಲ.

ಎಂಟು ದಿನ ಅಕ್ಕ ಏನೂ ಅನ್ನಲಿಲ್ಲ. ಒಂಬತ್ತನೆಯ ದಿನ ಗೋಡೆಯ ಕಡೆ ತಿರುಗಿ ಮಲಗಿದಳು.

“ಹಾಕ್ಬೇಡ ಕಣೋ. ಮಾತು ಒಂದೂ ತಿಳಿಯಲ್ಲ, ಬರೀ ಗುಂಯ್ ಅನ್ನುತ್ತೆ. ಆಸೆಪಟ್ಟು ತಂದಿದ್ದೀಯಲ್ಲ ಅಂತ ಸುಮ್ಮನಿದ್ದೆ.”

ಪೆಟ್ಟಿಗೆಗೆ ಕಿವಿಯಿಟ್ಟೆ. ಏನೂ ಇಲ್ಲ. ಅಂಗೈ ಇಟ್ಟೆ. ಪೆಟ್ಟಿಗೆ ನಡುಗುತ್ತಿತ್ತು.

ನಾನು ಅಂಗಡಿಗೆ ಹೋಗಲಿಲ್ಲ, ಹೆಂಡತಿ ಹೋದಳು. ಭಾನುವಾರ ಮಾಸ್ತರ ಕಂಕುಳಲ್ಲಿ ಒಂದು ಚಿಕ್ಕ ಪೆಟ್ಟಿಗೆ ಇಟ್ಟುಕೊಂಡು ಬಂದ. ಫ್ಯಾನಿಲ್ಲ, ಬಿಸಿ ಹೋಗಲು ಮೇಲೆ ಅಲ್ಯೂಮಿನಿಯಂ ಪಟ್ಟಿಗಳು ಮಾತ್ರ. ಹೊಸದು ಬರಲು ತಿಂಗಳಾಗುತ್ತದೆಂದು ತನ್ನ ಮನೆಯ ಟಿವಿಯಿಂದಲೇ ಬಿಚ್ಚಿ ತಂದದ್ದಂತೆ. ನನ್ನ ಮುಖ ನೋಡದೆ ಜೋಡಿಸಿ, ಒಂದು ಹಳೆಯ ಸಿನಿಮಾ ಹಾಕಿದ.

“ಈಗ ಹೇಗಿದೆ ಅಕ್ಕಾ?”

“ನಾಯಕಿ ಬಿಕ್ಕೋದೂ ಕೇಳ್ತಿದೆಯಪ್ಪಾ.”

ನಾನು ಬಾಗಿಲಲ್ಲಿ ನಿಂತಿದ್ದೆ. ಕೂತ್ಕೋ ಅನ್ನಲಿಲ್ಲ, ನೀರು ಬೇಕಾ ಅನ್ನಲಿಲ್ಲ. ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ನಾಲ್ಕು ತಿಂಗಳು ಕೇಳಿದಳು ಅಕ್ಕ. ಆಮೇಲೆ ಹೋಗಿಬಿಟ್ಟಳು. ಅಳು ಬರಲಿಲ್ಲ, ಮೂರನೆಯ ದಿನವೇ ಪ್ರೆಸ್ಸಿಗೆ ಹೋದೆ. ಆ ವರ್ಷವೇ ಮಾಸ್ತರ ಅಂಗಡಿ ಮುಚ್ಚಿ ಮಗಳ ಊರು ಸೇರಿದ. ಅವನ ಪೆಟ್ಟಿಗೆ ವಾಪಸಾಗದೆ ನಮ್ಮ ಟಿವಿಯ ಹಿಂದೆಯೇ ಇದೆ. ಮಗಳದು ಯಾವ ಊರೆಂದು ನಾನು ಯಾರನ್ನೂ ಕೇಳಿಲ್ಲ.